ಸೋಂದಾದ ಗದ್ದೆಯಲ್ಲಿ ವಿಕೆಟ್ ಹಿಂದಿನ ಜಾಗ

ಶಿರಸಿಯಿಂದ ಯಲ್ಲಾಪುರ ರಸ್ತೆ ಹಿಡಿದು ಹೊರಟರೆ ಸೋಂದಾ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ದಾರಿಯಲ್ಲೇ ಸಹಸ್ರಲಿಂಗಕ್ಕೆ ತಿರುಗುವ ಬೋರ್ಡು ಸಿಗುತ್ತೆ. ಬೆಂಗಳೂರಿನಿಂದ ವೀಕೆಂಡಿಗೆ ಬರುವವರ ಕಾರುಗಳೆಲ್ಲ ಅಲ್ಲಿ ತಿರುಗಿ, ಶಾಲ್ಮಲಾ ನದಿಯ ಕಲ್ಲುಗಳ ಮೇಲಿನ ಲಿಂಗಗಳ ಫೋಟೊ ತೆಗೆದು, ಇನ್‌ಸ್ಟಾಗ್ರಾಂಗೆ ಹಾಕಿ ವಾಪಸ್ ಹೋಗುತ್ತವೆ. ಸೋಂದಾದವರೆಗೆ ಬರುವವರು ಹೆಚ್ಚಾಗಿ ಭಕ್ತರು. ಒಂದೇ ಊರಿನ ಫಾಸಲೆಯಲ್ಲಿ ವಾದಿರಾಜರ ಸೋದೆ ಮಠ, ಸ್ವರ್ಣವಲ್ಲಿ ಮಠ, ಜೈನ ಮಠ ಮೂರೂ ಇವೆ. ಯಾವ ಮಠಕ್ಕೆ ಬಂದವರಿಗೂ ಊಟಕ್ಕೇನೂ ತೊಂದರೆಯಿಲ್ಲ.

ನಾನು ಏಪ್ರಿಲ್ ಕೊನೆಯ ವಾರ ಹೋಗಿದ್ದು ಇದ್ಯಾವುದಕ್ಕೂ ಅಲ್ಲ. ದೊಡ್ಡಪ್ಪನ ಮಗ, ಅಂದರೆ ಅಣ್ಣ, ಫೋನ್ ಮಾಡಿದ್ದ. ಅವನ ಮಗ ಪಿಯುಸಿ ಮುಗಿಸಿದ್ದಾನೆ. ಸಿಇಟಿಯನ್ನೂ ಬರೆದಿದ್ದಾನೆ. ಆದರೆ ಎಂಜಿನಿಯರಿಂಗ್ ಬೇಡ, ಹುಬ್ಬಳ್ಳಿಯಲ್ಲಿ ಬಿಕಾಂ ಮಾಡುತ್ತಾ ಕ್ರಿಕೆಟ್ ಆಡುತ್ತೇನೆ ಅಂತ ಹಠ ಹಿಡಿದಿದ್ದಾನೆ. ಅದೂ ಬ್ಯಾಟ್ಸ್‌ಮನ್ ಅಲ್ಲ, ಬೌಲರ್ ಅಲ್ಲ, ವಿಕೆಟ್ ಕೀಪರ್. ಮನೆಯಲ್ಲಿ ಕಾಲೇಜು ಮಟ್ಟದಲ್ಲಿ ಕೀಪಿಂಗ್ ಮಾಡಿದವನು ನಾನೊಬ್ಬನೇ. ಹಾಗಾಗಿ ಬುದ್ಧಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಅಂಗಳಕ್ಕೆ ಕಾಲಿಟ್ಟ ಕೂಡಲೇ ಅತ್ತಿಗೆ ಮುರುಗಲ ಪಾನಕ ತಂದುಕೊಟ್ಟರು. ಒಳಗೆ ಉಪ್ಪಿನಕಾಯಿಗೆ ಅಪ್ಪೆಮಿಡಿ ಹಾಕುವ ಗಡಿಬಿಡಿ. ಲೋಟ ಖಾಲಿಯಾಗುವ ಮೊದಲೇ ಹೇಳಿಯೂ ಆಯಿತು: "ತಮಾ, ನೀನಾದ್ರೂ ಅವಂಗೆ ಸ್ವಲ್ಪ ಬುದ್ಧಿ ಹೇಳು. ಯಂಗಳ ಮಾತು ಕೇಳ್ತ್ನಿಲ್ಲೆ." ಮಾಣಿ ಎಲ್ಲಿ ಅಂದೆ. ಗದ್ದೆಯಲ್ಲಿ ಅಂದರು.

ಗದ್ದೆ ಕ್ರಿಕೆಟ್ ನೋಡದವರಿಗೆ ಒಂದೆರಡು ಮಾತು ಹೇಳಲೇಬೇಕು. ಭತ್ತ ಕೊಯ್ದು ಮುಗಿದ ಮೇಲೆ ಮಳೆಗಾಲದವರೆಗೆ ನಮ್ಮ ಕಡೆ ಗದ್ದೆಯೇ ಸ್ಟೇಡಿಯಂ. ಪಿಚ್ಚಿನ ಜಾಗದ ಕೂಳೆ ಕೆತ್ತಿ, ನೀರು ಹಾಕಿ, ಸೆಗಣಿ ಸಾರಿಸಿ ಗಟ್ಟಿ ಮಾಡುತ್ತಾರೆ. ಅಡಿಕೆ ದಬ್ಬೆಯೇ ಸ್ಟಂಪು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಇಳಿಜಾರಿನಲ್ಲಿ ಅಡಿಕೆ ತೋಟ. ಕೀಪರ್ ಬಿಟ್ಟ ಚೆಂಡು ತೋಟಕ್ಕೆ ಉರುಳಿದರೆ ಹುಡುಕಲು ಹತ್ತು ನಿಮಿಷ, ಸಿಗದಿದ್ದರೆ ಆವತ್ತಿನ ಆಟ ಮುಗಿಯಿತು. ಹಾಗಾಗಿ ನಮ್ಮಲ್ಲಿ ಚೆಂಡು ಬಿಡದವನನ್ನೇ ಹಿಂದೆ ನಿಲ್ಲಿಸುತ್ತಾರೆ. ನಾನು ಕೀಪರ್ ಆಗಿದ್ದೂ ಇದೇ ಕಾರಣಕ್ಕೆ. ಅಜ್ಜನ ಮನೆಗೆ ಬಂದಾಗ ಕಾಲಿಗೆ ಅಡಿಕೆ ಹಾಳೆ ಕಟ್ಟಿಕೊಂಡು ಅದನ್ನೇ ಪ್ಯಾಡ್ ಅಂದುಕೊಳ್ಳುತ್ತಿದ್ದೆವು. ಸೈಯದ್ ಕಿರ್ಮಾನಿ ಹುಡುಗರಾಗಿದ್ದಾಗ ಬೆಂಗಳೂರಿನಲ್ಲಿ ಗ್ಲೌಸ್ ಬದಲು ಇಟ್ಟಿಗೆ ಹಿಡಿದು ಕೀಪಿಂಗ್ ಮಾಡುತ್ತಿದ್ದರಂತೆ. ಅದಕ್ಕೆ ಹೋಲಿಸಿದರೆ ಹಾಳೆ ಐಷಾರಾಮ.

ನಾನು ಹೋದಾಗ ಅಲ್ಲಿ ಆಟ ನಡೆದಿತ್ತು. ಮಾಣಿಯನ್ನು ಮಾತಾಡಿಸದೆ ಬದುವಿನ ಮೇಲೆ ಕೂತು ನೋಡಿದೆ. ಟೆನಿಸ್ ಚೆಂಡಿಗೂ ಕೂತೇ ಏಳುತ್ತಾನೆ, ಚೆಂಡಿಗಿಂತ ಮೊದಲು ಏಳುವುದಿಲ್ಲ. ಲೆಗ್ ಸೈಡಿಗೆ ಹೋದ ಚೆಂಡಿಗೆ ಕೈ ಚಾಚುವ ಮೊದಲು ಕಾಲು ಹೋಗುತ್ತದೆ. ಇವೆರಡನ್ನು ಕಲಿಯಲು ನನಗೆ ಕಾಲೇಜಿನ ಮೂರು ವರ್ಷ ಹಿಡಿದಿತ್ತು. ಬುದ್ಧಿ ಹೇಳಲು ಬಂದವನು ಒಳಗೊಳಗೇ ಪೇಚಿಗೆ ಬಿದ್ದೆ.

ಸಂಜೆ ಇಬ್ಬರೂ ಬೈಕಿನಲ್ಲಿ ಮುಂಡಿಗೆಕೆರೆಗೆ ಹೋದೆವು. ಕೆರೆಯ ನಡುವೆ ಮುಂಡಿಗೆ ಪೊದೆಗಳು. ಮಳೆ ಹಿಡಿಯುವ ಹೊತ್ತಿಗೆ ಬೆಳ್ಳಕ್ಕಿಗಳು, ಬಿಳಿ ಕೆಂಬರಲು ಬಂದು ಗೂಡು ಕಟ್ಟುತ್ತವೆ. ಜೂನ್-ಜುಲೈನಲ್ಲಿ ಬಂದರೆ ಹಸಿರು ಪೊದೆ ಕಾಣದಷ್ಟು ಬಿಳಿ. ಏಪ್ರಿಲ್‌ನಲ್ಲಿ ಬರೀ ಕೆರೆ, ಬರೀ ಪೊದೆ. ಮಾತಾಡಲು ಒಳ್ಳೆಯ ಜಾಗ, ಯಾರೂ ಇರುವುದಿಲ್ಲ.

ಹೇಗೆ ಶುರು ಮಾಡುವುದು ಗೊತ್ತಾಗದೆ ಬೇಸ್‌ಬಾಲ್‌ನಿಂದ ಶುರು ಮಾಡಿದೆ. ಕಳೆದ ಜೂನ್‌ನಲ್ಲಿ ಕ್ಲೈಂಟ್ ಕೆಲಸಕ್ಕೆ ಅಮೆರಿಕದ ಒಮಾಹಾಗೆ ಹೋಗಿದ್ದೆ. ಆ ಊರಿನಲ್ಲಿ 1950ರಿಂದಲೂ ಅಲ್ಲಿನ ಕಾಲೇಜು ಬೇಸ್‌ಬಾಲ್ ತಂಡಗಳ ಕೊನೆಯ ಹಂತದ ಪಂದ್ಯಗಳು ನಡೆಯುತ್ತವೆ. ಸಹೋದ್ಯೋಗಿಗಳು ಕರೆದುಕೊಂಡು ಹೋದರು. ಆಟದ ನಿಯಮ ಅರ್ಧ ತಿಳಿಯಲಿಲ್ಲ, ಆದರೆ ಕ್ಯಾಚರ್ ಎಲ್ಲಿದ್ದಾನೆ ಅಂತ ಯಾರೂ ತೋರಿಸಬೇಕಾಗಲಿಲ್ಲ. ಮುಖಕ್ಕೆ ಜಾಲರಿ, ಎದೆಗೆ ಕವಚ, ಕುಕ್ಕರಗಾಲಲ್ಲಿ ಕೂತು ಎಸೆಯುವವನಿಗೆ ಬೆರಳಲ್ಲಿ ಸನ್ನೆ ಮಾಡುತ್ತಿದ್ದ. ಇಡೀ ಮೈದಾನದಲ್ಲಿ ಉಳಿದವರಿಗೆಲ್ಲ ಎದುರುಮುಖವಾಗಿ ಇರುವವನು ಅವನೊಬ್ಬ. ನಮ್ಮ ಕೀಪರ್‌ನ ಅಣ್ಣನೋ ತಮ್ಮನೋ ಅನ್ನಿಸಿತು.

ಆದರೆ ಅವನ ದಾರಿ ಬೇರೆ. ಅಲ್ಲಿ ಕಾಲೇಜು ತಂಡವೇ ವೃತ್ತಿಪರ ಲೀಗಿನ ಒಂದು ಮೆಟ್ಟಿಲು. ನಾಲ್ಕು ವರ್ಷದ ಕಾಲೇಜಿಗೆ ಸೇರಿದ ಹುಡುಗ ಮೂರನೇ ವರ್ಷ ಮುಗಿಸಿದರೆ ಅಥವಾ ಇಪ್ಪತ್ತೊಂದು ತುಂಬಿದರೆ ಡ್ರಾಫ್ಟಿಗೆ ಅರ್ಹ. ಜುಲೈನಲ್ಲಿ ಮೂವತ್ತು ತಂಡಗಳು ಸರದಿಯಲ್ಲಿ ಹುಡುಗರನ್ನು ಆರಿಸುತ್ತವೆ, ಇಪ್ಪತ್ತು ಸುತ್ತು. 2019ರಲ್ಲಿ ಇಡೀ ದೇಶದಲ್ಲೇ ಮೊದಲು ಆಯ್ಕೆಯಾದ ಆಡ್ಲಿ ರಚ್‌ಮನ್ ಒರೆಗಾನ್ ಸ್ಟೇಟ್ ಕಾಲೇಜಿನ ಕ್ಯಾಚರ್. 2008ರಲ್ಲಿ ಐದನೆಯವನಾಗಿ ಆಯ್ಕೆಯಾದ ಬಸ್ಟರ್ ಪೋಸಿ ಕಾಲೇಜಿಗೆ ಬಂದಾಗ ಕ್ಯಾಚರೇ ಆಗಿರಲಿಲ್ಲ, ಅಲ್ಲೇ ಜಾಗ ಬದಲಿಸಿಕೊಂಡವನು. ಆಯ್ಕೆಯಾದವರು ನೇರ ದೊಡ್ಡ ತಂಡಕ್ಕೆ ಹೋಗುವುದಿಲ್ಲ. ಪ್ರತಿ ತಂಡದ ಕೆಳಗೆ ನಾಲ್ಕು ಸಣ್ಣ ತಂಡಗಳಿವೆ, ಒಟ್ಟು 120. ಒಂದೊಂದು ತಂಡಕ್ಕೂ ಕನಿಷ್ಠ ಇಬ್ಬರು ಕ್ಯಾಚರ್ ಬೇಕೇ ಬೇಕು, ಯಾಕೆಂದರೆ ದಿನಾ ಕುಕ್ಕರಗಾಲಲ್ಲಿ ಕೂರಲು ಯಾರ ಮಂಡಿಯೂ ಒಪ್ಪುವುದಿಲ್ಲ. ಸುಲಭ ಅಂತಲ್ಲ, ಸಣ್ಣ ತಂಡದಲ್ಲೇ ವರ್ಷಗಟ್ಟಲೆ ಕಳೆದು ಮನೆಗೆ ಹೋಗುವವರೇ ಜಾಸ್ತಿ. ಆದರೂ ಮುಂದಿನ ಮೆಟ್ಟಿಲು ಯಾವುದು ಅಂತ ಹುಡುಗನಿಗೆ ಗೊತ್ತಿರುತ್ತದೆ.

"ನಮ್ಮಲ್ಲಿ?" ಅಂದ ಮಾಣಿ.

ನಮ್ಮಲ್ಲಿ ಕಾಲೇಜು ತಂಡಕ್ಕೆ ಆಡಿದರೆ ಒಂದು ಟೀ ಶರ್ಟು, ಒಂದು ಸರ್ಟಿಫಿಕೇಟು, ಅಟೆಂಡೆನ್ಸಿನಲ್ಲಿ ಸ್ವಲ್ಪ ರಿಯಾಯಿತಿ. ಒಂದು ಕಾಲದಲ್ಲಿ ವಿಶ್ವವಿದ್ಯಾಲಯ ಮಟ್ಟದ ರೋಹಿಂಟನ್ ಬಾರಿಯಾ ಟ್ರೋಫಿಗೆ ಬೆಲೆಯಿತ್ತು. ಗಾವಸ್ಕರ್ ಕೂಡ ಮುಂಬೈ ವಿಶ್ವವಿದ್ಯಾಲಯಕ್ಕೆ ಆಡಿಯೇ ಮೇಲೆ ಬಂದವರು. ಈಗ ದಾರಿ ರಾಜ್ಯ ಕ್ರಿಕೆಟ್ ಸಂಸ್ಥೆಯದ್ದು. ನಮ್ಮ ಉತ್ತರ ಕನ್ನಡ ಅದರ ಧಾರವಾಡ ವಲಯಕ್ಕೆ ಸೇರುತ್ತದೆ. ಮೊದಲು ಒಂದು ನೋಂದಾಯಿತ ಕ್ಲಬ್ ಸೇರಬೇಕು, ಡಿವಿಷನ್ ಲೀಗ್ ಆಡಬೇಕು, ವಲಯದ ವಯೋಮಿತಿ ತಂಡದ ಟ್ರಯಲ್ಸ್‌ಗೆ ಹೋಗಬೇಕು, ಅಲ್ಲಿಂದ ಅಂತರ ವಲಯ ಪಂದ್ಯ, ಆಮೇಲೆ ರಾಜ್ಯ ತಂಡದ ಸಂಭಾವ್ಯರ ಪಟ್ಟಿ. 2022ರಲ್ಲಿ ಆರು ತಂಡಗಳ ಮಹಾರಾಜ ಟ್ರೋಫಿ ಶುರುವಾದ ಮೇಲೆ ಇನ್ನೊಂದು ಬಾಗಿಲು ತೆರೆದಿದೆ. ಹುಬ್ಬಳ್ಳಿ ಟೈಗರ್ಸ್ 2023ರಲ್ಲಿ ಅದನ್ನು ಗೆದ್ದೂ ಬಿಟ್ಟಿತು. ಐಪಿಎಲ್‌ನವರ ಕಣ್ಣು ಇಂಥ ಟೂರ್ನಿಗಳ ಮೇಲಿರುತ್ತದೆ.

ಸೋಂದಾದಿಂದ ನೋಡಿದರೆ ಇದೆಲ್ಲ ಹುಬ್ಬಳ್ಳಿಯಿಂದಲೇ ಶುರು. ಹೆಚ್ಚುಕಮ್ಮಿ ನೂರು ಕಿಲೋಮೀಟರ್. ಗದಗಿನ ಸುನಿಲ್ ಜೋಶಿ ಹುಡುಗರಾಗಿದ್ದಾಗ ಬೆಳಗಾಗುವ ಮೊದಲೇ ಎದ್ದು ಅರವತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ, ಪ್ರಾಕ್ಟೀಸ್ ಮುಗಿಸಿ, ಶಾಲೆ ಹೊತ್ತಿಗೆ ಊರಿಗೆ ವಾಪಸಾಗುತ್ತಿದ್ದರು. ಮುಂದೆ ದೇಶಕ್ಕೆ ಆಡಿದರು. ಗದಗಿಗೆ ರೈಲಿದೆ. ನಮಗೆ ಘಟ್ಟದ ರಸ್ತೆ, ಮಳೆಗಾಲದಲ್ಲಿ ಅದಕ್ಕೂ ಗ್ಯಾರಂಟಿ ಇಲ್ಲ. ಹೋಗುವುದಾದರೆ ಹೋಗಿ ಅಲ್ಲೇ ಇರಬೇಕು. ಅಣ್ಣನಿಗೆ ಭಯ ಇರುವುದೂ ಅದಕ್ಕೇ. ನಮ್ಮ ಹಳ್ಳಿಗಳಲ್ಲಿ ಈಗಾಗಲೇ ಅರ್ಧ ಮನೆಗಳಲ್ಲಿ ವಯಸ್ಸಾದವರಷ್ಟೇ ಇದ್ದಾರೆ. ಓದಿ ಹೋದವನು ದುಡ್ಡಾದರೂ ಕಳಿಸುತ್ತಾನೆ, ಆಡಲು ಹೋದವನು?

ನಮ್ಮ ಜಿಲ್ಲೆಯ ಮಟ್ಟಿಗೆ ಆ ಪ್ರಶ್ನೆ ಸುಮ್ಮನೆ ಬಂದಿದ್ದಲ್ಲ. ಯಲ್ಲಾಪುರ, ಹಳಿಯಾಳದ ಕಾಡಿನಂಚಿನ ಸಿದ್ದಿ ಮಕ್ಕಳನ್ನು 1987ರಲ್ಲಿ ಕ್ರೀಡಾ ಪ್ರಾಧಿಕಾರದವರು ವಿಶೇಷ ಯೋಜನೆಯಲ್ಲಿ ಆರಿಸಿ, ಹಾಸ್ಟೆಲ್‌ನಲ್ಲಿಟ್ಟು, ಓಟ, ಜಿಗಿತಕ್ಕೆ ತಯಾರು ಮಾಡಿದರು. ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದರು. 1990ರ ದಶಕದ ಮೊದಲ ವರ್ಷಗಳಲ್ಲಿ ಯೋಜನೆ ನಿಂತೇಹೋಯಿತು. ಓಡುತ್ತಿದ್ದವರು ಅರ್ಧದಾರಿಯಲ್ಲಿ ಊರಿಗೆ ಬಂದರು. ಯಲ್ಲಾಪುರದ ಕಡೆಯ ಹಿರಿಯರಿಗೆ ಆ ಹೆಸರುಗಳು ಇನ್ನೂ ನೆನಪಿವೆ. ಆಟ ಕೈಬಿಟ್ಟರೆ ಹಿಡಿಯುವವರು ಯಾರು ಅಂತ ಈ ಭಾಗದ ತಂದೆತಾಯಿ ಕೇಳುವುದು ಹೇಡಿತನದಿಂದಲ್ಲ, ಕಣ್ಣಾರೆ ಕಂಡು.

ಇನ್ನು ಕೀಪರ್‌ನ ವಿಷಯ ಇನ್ನೂ ಇಕ್ಕಟ್ಟು. ತಂಡದಲ್ಲಿ ಐದಾರು ಬ್ಯಾಟ್ಸ್‌ಮನ್, ನಾಲ್ಕೈದು ಬೌಲರ್. ಕೀಪರ್ ಒಬ್ಬನೇ. ಅವನಿಗೆ ಗಾಯವಾಗಬೇಕು ಇಲ್ಲಾ ವಯಸ್ಸಾಗಬೇಕು, ಅಲ್ಲಿಯವರೆಗೆ ಎರಡನೆಯವನಿಗೆ ನೀರು ಕೊಡುವ ಕೆಲಸ. ಕಿರ್ಮಾನಿಯವರೇ 1971ರ ಮತ್ತು 1974ರ ಇಂಗ್ಲೆಂಡ್ ಪ್ರವಾಸಗಳಲ್ಲಿ ಫಾರೂಖ್ ಎಂಜಿನಿಯರ್ ಹಿಂದೆ ಕೂತಿದ್ದರು. ಮೊದಲ ಟೆಸ್ಟ್ ಸಿಕ್ಕಿದ್ದು 1976ರಲ್ಲಿ ಆಕ್ಲೆಂಡ್‌ನಲ್ಲಿ. ಮುಂದಿನ ಟೆಸ್ಟ್‌ನಲ್ಲೇ ಒಂದು ಇನಿಂಗ್ಸ್‌ನಲ್ಲಿ ಆರು ಜನರನ್ನು ಔಟ್ ಮಾಡಿ ಆಗಿನ ವಿಶ್ವದಾಖಲೆ ಸರಿಗಟ್ಟಿದರು. ಆಮೇಲೆ 88 ಟೆಸ್ಟ್, 1983ರ ವಿಶ್ವಕಪ್. ಆ ಐದು ವರ್ಷ ಬೆಂಚಿನಲ್ಲಿ ಕೂತು ಏನು ಯೋಚಿಸುತ್ತಿದ್ದರೋ!

ಅವರ ನಂತರ ಬಂದ ನಮ್ಮದೇ ಸದಾನಂದ ವಿಶ್ವನಾಥ್ 1985ರ ಆರಂಭದಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ಗೆದ್ದ ಟೂರ್ನಿಯ ಕಣ್ಮಣಿ. ಅದೇ ವರ್ಷ ಮೂರು ಟೆಸ್ಟ್ ಆಡಿದರು. ಮತ್ತೆ ಟೆಸ್ಟ್ ಆಡಲಿಲ್ಲ. ಮುಂದೆ ಅಂಪೈರ್ ಆದರು. ರಾಹುಲ್ ದ್ರಾವಿಡ್ ಜೂನಿಯರ್ ದಿನಗಳಲ್ಲಿ ಕೀಪರ್. ಹಿರಿಯರ ಮಾತು ಕೇಳಿ ಕೀಪಿಂಗ್ ಬಿಟ್ಟು ಬ್ಯಾಟಿಂಗ್ ಹಿಡಿದದ್ದಕ್ಕೆ ದ್ರಾವಿಡ್ ಆದರು. ಹಾಗಿದ್ದೂ 2003ರ ವಿಶ್ವಕಪ್‌ನಲ್ಲಿ ತಂಡಕ್ಕಾಗಿ ಮತ್ತೆ ಗ್ಲೌಸ್ ಹಾಕಿದರು.

ನನಗೆ ತುಂಬಾ ಇಷ್ಟವಾದವರು ಮಾತ್ರ ಬುಧಿ ಕುಂದರನ್. ಹುಟ್ಟಿದ್ದು 1939ರಲ್ಲಿ, ನಮ್ಮ ಕರಾವಳಿಯ ಮೂಲ್ಕಿಯಲ್ಲಿ. ಬೆಳೆದದ್ದು ಮುಂಬೈಯಲ್ಲಿ. ಅಪ್ಪನಿಗೆ ಆಟ ಅಂದರೆ ಆಗದು. ಶಾಲಾ ತಂಡಕ್ಕೆ ಆಯ್ಕೆಯಾದಾಗ ಹಾಕಲು ಬಿಳಿ ಬಟ್ಟೆಯಿಲ್ಲ. ಅಪ್ಪ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅಮ್ಮ ಅವರದ್ದೇ ಬಟ್ಟೆ ಚಿಕ್ಕದು ಮಾಡಿಸಿ ಕೊಟ್ಟರಂತೆ. 1960ರ ಜನವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್‌ಗೆ ಕರೆ ಬಂದಾಗ ಇನ್ನೂ ಒಂದು ರಣಜಿ ಪಂದ್ಯ ಆಡಿರಲಿಲ್ಲ. ಕೈಗೆ ಹಾಕಿಕೊಂಡ ಗ್ಲೌಸ್ ನರೇನ್ ತಮ್ಹಾಣೆಯವರದ್ದು, ಅಂದರೆ ಯಾರ ಜಾಗಕ್ಕೆ ಇವರು ಬಂದಿದ್ದರೋ ಅವರದ್ದೇ. ರೈಲ್ವೇಸ್ ಪರ ಮೊದಲ ರಣಜಿ ಪಂದ್ಯ ಆಡಿದಾಗ ದ್ವಿಶತಕ. 1964ರಲ್ಲಿ ಇಂಗ್ಲೆಂಡ್ ವಿರುದ್ಧ ಮದ್ರಾಸಿನಲ್ಲಿ 192, ಆ ಸರಣಿಯಲ್ಲಿ 525 ರನ್. ಅಷ್ಟಾಗಿಯೂ ಆ ಜಾಗ ಅವರದ್ದಾಗಿ ಉಳಿಯಲಿಲ್ಲ. ಒಂದು ಸಲ ಇವರು, ಒಂದು ಸಲ ಎಂಜಿನಿಯರ್. 18 ಟೆಸ್ಟ್ ಆಡಿ, ಮೈಸೂರು ತಂಡಕ್ಕೂ ಆಡಿ, ಕೊನೆಗೆ ಸ್ಕಾಟ್ಲೆಂಡ್‌ಗೆ ಹೋಗಿ ಅಲ್ಲಿನ ಕ್ಲಬ್ಬಿಗೆ ವೃತ್ತಿಪರ ಆಟಗಾರರಾದರು. ಅಲ್ಲೇ ನೆಲೆಸಿ 2006ರಲ್ಲಿ ತೀರಿಕೊಂಡರು. ಮೂಲ್ಕಿಯ ಹುಡುಗನಿಗೆ ಕೊನೆಗೂ ಖಾಯಂ ಜಾಗ ಸಿಕ್ಕಿದ್ದು ಗ್ಲಾಸ್ಗೊ ಕಡೆ.

ಮಾಣಿ ಇದನ್ನೆಲ್ಲ ಮೊಬೈಲ್ ಕಡೆ ನೋಡದೆ ಕೇಳಿದ. ಆಮೇಲೆ ಕೇಳಿಯೇ ಬಿಟ್ಟ: "ಅಪ್ಪಚ್ಚಿ, ನೀ ಎಂತಕ್ಕೆ ಬಿಟ್ಟೆ?"

ಏಳನೇ ಸೆಮಿಸ್ಟರ್‌ನಲ್ಲಿ, ವಲಯ ಮಟ್ಟದ ಆಯ್ಕೆಗೆ ಬಾ ಅಂತ ಕೋಚ್ ಹೇಳಿದ್ದ ದಿನವೇ ಕ್ಯಾಂಪಸ್ ಪ್ಲೇಸ್‌ಮೆಂಟಿನ ಪರೀಕ್ಷೆ ಬಿತ್ತು. ಯಾರೂ ಒತ್ತಾಯ ಮಾಡಲಿಲ್ಲ. ಅಪ್ಪನಿಗೆ ಫೋನ್ ಕೂಡ ಮಾಡಲಿಲ್ಲ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಪರೀಕ್ಷೆಗೆ ಹೋದೆ. ಕೆಲಸ ಸಿಕ್ಕಿತು. ಆ ಸಂಬಳದಲ್ಲೇ ತಂಗಿಯ ಓದು ಮುಗಿಯಿತು, ಮನೆಯ ಹೆಂಚು ಬದಲಾಯಿತು. ಬೇಸರವೇನೂ ಇಲ್ಲ ಅಂತ ಹೇಳಿದೆ. ಅರ್ಧ ನಿಜ. ಆಯ್ಕೆಯಾಗುತ್ತಿದ್ದೆನೋ ಇಲ್ಲವೋ ಅನ್ನುವುದು ಬೇರೆ ಮಾತು; ಹೋಗಿ "ಆಗಲ್ಲ" ಅನ್ನಿಸಿಕೊಂಡು ಬಂದಿದ್ದರೆ ಇಷ್ಟು ವರ್ಷ ತಲೆಯಲ್ಲಿ ಆ ಪಂದ್ಯ ಆಡುತ್ತಾ ಇರುತ್ತಿರಲಿಲ್ಲ. ಇದನ್ನು ಅವನಿಗೆ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಅವನು ಓದಿದರೆ ಓದಲಿ.

ವಾಪಸ್ ಬರುವಾಗ ಕೋಟೆ ಕಡೆ ಹೋದೆವು. ಕೋಟೆ ಅನ್ನುವಷ್ಟು ಈಗ ಉಳಿದಿಲ್ಲ. ಕುಸಿದ ಗೋಡೆ, ಗಿಡಗಂಟಿ, ಕಲ್ಲುಗಳು. ಇಲ್ಲಿಂದಲೇ ಅರಸಪ್ಪ ನಾಯಕ ಮತ್ತವನ ಮನೆತನದವರು ರಾಜ್ಯವಾಳಿದರು. ಹೈದರಾಲಿಯ ಸೈನ್ಯ ಬಂದಾಗ ಕೊನೆಯ ಅರಸ ಗೋವಾಕ್ಕೆ ಹೋದ. ಆ ಮನೆತನ ಅಲ್ಲಿಯೇ ಉಳಿಯಿತು. ರಾಜರೇ ಬಿಟ್ಟುಹೋದ ಊರು ಮಾರಾಯಾ, ನೀನು ಬಿಟ್ಟುಹೋದರೆ ಯಾರು ಏನು ಅನ್ನುತ್ತಾರೆ ಅಂದೆ. ಅವನು ನಗಲಿಲ್ಲ. ಜೋಕು ಅಷ್ಟು ಚೆನ್ನಾಗೇನೂ ಇರಲಿಲ್ಲ.

ರಾತ್ರಿ ಊಟ ಆಗಿ, ಅಣ್ಣ ಕವಳ ಹಾಕುತ್ತಾ ಜಗುಲಿಯಲ್ಲಿ ಕೂತಾಗ ನಾನು ಲೆಕ್ಕ ಹೇಳಿದೆ. ನಮ್ಮ ಮನೆಗಳಲ್ಲಿ ಲೆಕ್ಕವಿಲ್ಲದ ಮಾತು ನಡೆಯುವುದಿಲ್ಲ. ರಣಜಿ ತಂಡದ ಹನ್ನೊಂದರಲ್ಲಿ ಇದ್ದರೆ ಹೊಸಬನಿಗೂ ದಿನಕ್ಕೆ 40 ಸಾವಿರ, ಹೆಚ್ಚು ಪಂದ್ಯ ಆಡಿದವರಿಗೆ 60 ಸಾವಿರದವರೆಗೆ. ಬೆಂಚಿನಲ್ಲಿ ಕೂತರೆ ಅರ್ಧ. ಅಣ್ಣನ ಹುಬ್ಬು ಮೇಲೇರಿತು. ತಕ್ಷಣ ಉಳಿದದ್ದನ್ನೂ ಹೇಳಿದೆ: ಇಡೀ ಕರ್ನಾಟಕಕ್ಕೆ ಆ ಜಾಗ ಒಂದು, ಬೆಂಚಿನವನೂ ಸೇರಿ ಎರಡು. ಈಗಿನ ಕೀಪರ್‌ಗೆ ಬ್ಯಾಟಿಂಗ್ ಬರಲೇಬೇಕು. ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್‌ನನ್ನೇ ನೋಡು, ಅಪ್ಪ ಎನ್‌ಐಟಿಕೆಯಲ್ಲಿ ಪ್ರೊಫೆಸರ್, ಅಮ್ಮನೂ ಪ್ರೊಫೆಸರ್. ಹದಿನೆಂಟಕ್ಕೆ ಬೆಂಗಳೂರಿಗೆ ಹೋಗಿ ಕಾಲೇಜಿಗೂ ಸೇರಿಕೊಂಡ, ಕ್ರಿಕೆಟ್ಟನ್ನೂ ಆಡಿದ. ಟೆಸ್ಟ್ ತಂಡ ಸೇರಿದ್ದು ಬ್ಯಾಟ್ಸ್‌ಮನ್ ಆಗಿ, 2023ರ ವಿಶ್ವಕಪ್‌ನಲ್ಲಿ ವಿಕೆಟ್ ಹಿಂದೆ ನಿಂತ. ನಿನ್ನ ಮಗನ ಬ್ಯಾಟಿಂಗ್ ನಾನಿನ್ನೂ ನೋಡಿಲ್ಲ.

"ಕುಂಬ್ಳೆ ಎಂಜಿನಿಯರಿಂಗ್ ಮಾಡಿದ್ನಲಾ, ಶ್ರೀನಾಥನೂ" ಅಂದ ಅಣ್ಣ. ಎಲ್ಲ ಅಪ್ಪಂದಿರ ಕೊನೆಯ ಅಸ್ತ್ರ ಇದು. ಆರ್.ವಿ. ಕಾಲೇಜಿನ ಮೆಕ್ಯಾನಿಕಲ್, ಮೈಸೂರಿನ ಎಸ್‌ಜೆಸಿಇ, ಎರಡೂ ನಿಜ. ಅವರಿಬ್ಬರೂ ಓದಿದ್ದು ಮೈದಾನ ಇರುವ ಊರಲ್ಲಿ ಅಂದೆ. ಮಗ ಹುಬ್ಬಳ್ಳಿಗೆ ಹೋಗಲಿ. ಬಿಕಾಂ ಓದಲಿ, ಎಂಜಿನಿಯರಿಂಗ್ ಓದಲಿ, ಅದನ್ನು ನೀವಿಬ್ಬರೂ ಕೂತು ಮಾತಾಡಿ. ಕಾಲೇಜಿನಿಂದ ರಾಜನಗರದ ಮೈದಾನಕ್ಕೆ ಸಿಟಿ ಬಸ್ಸಿನಲ್ಲಿ ಹೋಗಿಬರುವಂತಿರಬೇಕು, ಅಷ್ಟೇ. ಎರಡು ವರ್ಷದಲ್ಲಿ ವಲಯದ ತಂಡಕ್ಕೆ ಬರದಿದ್ದರೆ ನಾನೇ ಬಂದು ಆಟ ಬಿಡಿಸುತ್ತೇನೆ. ಒಳಗಿನಿಂದ ಅತ್ತಿಗೆ, "ಬುದ್ಧಿ ಹೇಳು ಅಂದ್ರೆ ಇವನೂ ಅವನ ಕಡೆಗೇ ಸೇರಿದ" ಅಂದರು. ಸಿಟ್ಟಿರಲಿಲ್ಲ ಅನ್ನಿಸಿತು. ಖಾತ್ರಿಯಿಲ್ಲ.

ಮಾರನೇ ದಿನ ಬೆಳಿಗ್ಗೆ ಗದ್ದೆಯಲ್ಲಿ ಅವನ ಬ್ಯಾಟಿಂಗ್ ನೋಡಿದೆ. ಪರವಾಗಿಲ್ಲ, ಕೀಪಿಂಗಿನಷ್ಟಿಲ್ಲ. ಆಮೇಲೆ ಅವನು ಎಸೆದ, ನಾನು ಹಿಡಿದೆ, ಲೆದರ್ ಚೆಂಡಿನಲ್ಲಿ. ಒಂಬತ್ತು ವರ್ಷದ ನಂತರ ಕೂತು ಏಳುವುದು ಅಂದರೆ ಏನು ಅಂತ ಮಂಡಿ ಹೇಳಿತು. ಐದನೆಯದೋ ಆರನೆಯದೋ ಕಿರುಬೆರಳ ತುದಿಗೆ ಬಡಿದು ತೋಟಕ್ಕೆ ಉರುಳಿತು. ಇಬ್ಬರೂ ಇಳಿದು ಅಡಿಕೆ ಮರಗಳ ಬುಡದಲ್ಲಿ ಹುಡುಕಿದೆವು. ಸಿಗಲಿಲ್ಲ.

ಸೋಮವಾರ ಆಫೀಸಿನಲ್ಲಿ ಊದಿದ ಬೆರಳಲ್ಲೇ ಕೀಬೋರ್ಡ್ ಕುಟ್ಟುತ್ತಿರುವಾಗ ಅಣ್ಣನ ಫೋನ್ ಬಂತು. ತೋಟಕ್ಕೆ ನೀರು ಬಿಡಲು ಹೋದಾಗ ಬಾಳೆ ಬುಡದಲ್ಲಿ ಚೆಂಡು ಸಿಕ್ಕಿತಂತೆ. ಅದನ್ನು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಲ್ದೋ, ಒಳ್ಳೆ ಗ್ಲೌಸಿಗೆ ಎಷ್ಟಾಗ್ತು?" ಅಂದ.